ಚಲನಚಿತ್ರದಲ್ಲಿನ ಬಾಹ್ಯಾಕಾಶದ ಅಪಾಯಗಳನ್ನು ಪರೀಕ್ಷಿಸುವ ಬಗೆ

ವೈಜ್ಞಾನಿಕ ಕಥಾಚಿತ್ರಗಳು ತೋರಿಸುವ ಬಾಹ್ಯಾಕಾಶದ ಅಪಾಯಗಳಲ್ಲಿ ಬಹುಪಾಲು ನಿಜವಾಗಿಯೂ ಇರುವಂಥವೇ. ಆ ಅಪಾಯ ಎಷ್ಟು ಹೊತ್ತಿನಲ್ಲಿ, ಎಷ್ಟು ದೂರದಲ್ಲಿ, ಎಷ್ಟು ವೇಗದಲ್ಲಿ ಎರಗುತ್ತದೆ ಎಂಬ ಲೆಕ್ಕದಲ್ಲಿ ಚಿತ್ರಗಳು ಎಡವುತ್ತವೆ. ಆದ್ದರಿಂದ ದೃಶ್ಯವೊಂದರ ನಿಖರತೆಯನ್ನು ತೂಗಿ ನೋಡಬಯಸುವವರು ಮೊದಲು ಗಡಿಯಾರವನ್ನು ಕೈಗೆತ್ತಿಕೊಳ್ಳಬೇಕು.

ಹೆಲ್ಮೆಟ್ ಒಡೆದು ಪಾತ್ರವೊಂದು ನಿರ್ವಾತಕ್ಕೆ ಒಡ್ಡಿಕೊಂಡ ಕ್ಷಣದಿಂದ ಸೆಕೆಂಡುಗಳನ್ನು ಎಣಿಸಿರಿ. 1966ರಲ್ಲಿ ಹ್ಯೂಸ್ಟನ್ನಿನ ನಾಸಾ ಕೇಂದ್ರದಲ್ಲಿ, ನಿರ್ವಾತ ಕೋಣೆಯೊಳಗೆ ಪೋಷಾಕನ್ನು ಪರೀಕ್ಷಿಸುತ್ತಿದ್ದ ಜಿಮ್ ಲೆಬ್ಲಾಂಕ್ ಅವರ ಗಾಳಿಯ ಕೊಳವೆ ಕಳಚಿಕೊಂಡಾಗ, ಅವರು ಸುಮಾರು 14 ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪಿದರು. ಕೂಡಲೇ ಕೋಣೆಗೆ ಗಾಳಿ ತುಂಬಿಸಿದ್ದರಿಂದ ಬದುಕಿ ಉಳಿದರು. ನಾಲಿಗೆಯ ಮೇಲಿನ ಜೊಲ್ಲು ಕುದಿಯಲಾರಂಭಿಸಿದ್ದು ಅವರಿಗೆ ಕೊನೆಯದಾಗಿ ನೆನಪಿದ್ದ ಅನುಭವ. ಹತ್ತು ಹನ್ನೆರಡು ಸೆಕೆಂಡು ಹೋರಾಡಿ ಬಾಗಿಲು ಸೇರುವ ಪಾತ್ರವನ್ನು ಹಾಗಾಗಿ ಒಪ್ಪಬಹುದು. ನಿಮಿಷಗಟ್ಟಲೆ ಎಚ್ಚರವಾಗಿರುವ ಪಾತ್ರವನ್ನು ಒಪ್ಪಲಾಗದು. ದೇಹ ಸಿಡಿದು ಚೂರಾಗುವುದೂ ಸುಳ್ಳು. ಒತ್ತಡವಿಲ್ಲದೆಡೆ ಅಂಗಾಂಶಗಳೊಳಗಿನ ನೀರು ಆವಿಯಾಗಿ ಮೈ ಊದಿಕೊಳ್ಳುತ್ತದೆ, ಆದರೆ ಚರ್ಮ ಅದನ್ನು ತಡೆದುಕೊಳ್ಳುವಷ್ಟು ಗಟ್ಟಿಯಾಗಿದೆ. ಪಾತ್ರ ಉಸಿರು ಬಿಗಿಹಿಡಿದಿದೆಯೇ ಎಂಬುದನ್ನೂ ಗಮನಿಸಿರಿ, ಏಕೆಂದರೆ ಹಿಡಿದಿಟ್ಟ ಗಾಳಿ ಹಿಗ್ಗಿ ಶ್ವಾಸಕೋಶವನ್ನೇ ಹರಿಯಬಲ್ಲದು. ಇನ್ನು ಕ್ಷಣಮಾತ್ರದಲ್ಲಿ ಹೆಪ್ಪುಗಟ್ಟುವ ದೇಹ ನನಗೆ ಅತ್ಯಂತ ಬೇಸರ ತರಿಸುವ ತಪ್ಪು: ಶಾಖವನ್ನು ಸೆಳೆದೊಯ್ಯಲು ಸುತ್ತಲೂ ಗಾಳಿಯೇ ಇಲ್ಲದಿರುವಾಗ ದೇಹವು ಮುಖ್ಯವಾಗಿ ವಿಕಿರಣದ ಮೂಲಕ, ನಿಧಾನವಾಗಿ ತಣಿಯುತ್ತದೆ. ಒದ್ದೆಯಾದ ಕಣ್ಣು ಬಾಯಿಗಳು ಮಾತ್ರ ಬೇಗನೆ ತಣ್ಣಗಾಗುತ್ತವೆ.

ನೌಕೆಯ ಗೋಡೆಯಲ್ಲಿ ತೂತಾದರೆ ಅದರ ಅಗಲವನ್ನು ಅಂದಾಜು ಮಾಡಿರಿ. ಒಳಗಿನ ಒತ್ತಡ ಭೂಮಿಯ ಮೇಲಿರುವಷ್ಟೇ ಇದ್ದರೂ, ಒಂದು ಚದರ ಸೆಂಟಿಮೀಟರ್ ತೂತಿನ ಮೇಲೆ ಬೀಳುವ ಬಲ ಸುಮಾರು ಒಂದು ಕಿಲೋಗ್ರಾಂ ಭಾರದಷ್ಟು ಮಾತ್ರ. 2018ರ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಜೋಡಿಸಿದ್ದ ಸೋಯುಜ್ ನೌಕೆಯಲ್ಲಿ ಸುಮಾರು 2 ಮಿಲಿಮೀಟರ್ ತೂತು ಪತ್ತೆಯಾದಾಗ, ಗಗನಯಾತ್ರಿಗಳು ಅದನ್ನು ಎಪಾಕ್ಸಿ ಅಂಟಿನಿಂದ ಮುಚ್ಚಿದರು. ಬೆರಳಗಲದ ತೂತು ಮನುಷ್ಯನನ್ನು ಹೊರಗೆಳೆದರೆ ಅದು ಚಿತ್ರದ ಕಲ್ಪನೆ. ಇಡೀ ಬಾಗಿಲೇ ಕಿತ್ತುಹೋದರೆ ಮಾತು ಬೇರೆ.

ದೂರದ ಪರೀಕ್ಷೆಗೆ, ಮಂಗಳ ಮತ್ತು ಗುರು ಗ್ರಹಗಳ ನಡುವೆ ಸೂರ್ಯನನ್ನು ಸುತ್ತುವ ಬಂಡೆಗಳ ವಲಯವಾದ ಕ್ಷುದ್ರಗ್ರಹಗಳ ಪಟ್ಟಿ ತಕ್ಕ ಸ್ಥಳ. ಬಂಡೆಗಳ ನಡುವೆ ನೌಕೆ ನುಸುಳಿ ಸಾಗುವ ದೃಶ್ಯ ಎಷ್ಟೇ ರೋಚಕವಾಗಿದ್ದರೂ, ಆ ಪಟ್ಟಿಯ ಎಲ್ಲ ಕಾಯಗಳನ್ನು ಒಟ್ಟುಗೂಡಿಸಿದರೂ ಚಂದ್ರನ ದ್ರವ್ಯರಾಶಿಯ ಶೇಕಡಾ 5ರಷ್ಟೂ ಆಗುವುದಿಲ್ಲ, ದೊಡ್ಡ ಬಂಡೆಗಳ ನಡುವಿನ ಅಂತರವೋ ಲಕ್ಷಾಂತರ ಕಿಲೋಮೀಟರ್. ಪಯನೀರ್ 10 ನೌಕೆ 1972ರಲ್ಲಿ ಅದನ್ನು ಪ್ರವೇಶಿಸಿ, ಮರುವರ್ಷ ಸುರಕ್ಷಿತವಾಗಿ ಹೊರಬಂದಿತು. ಕಥೆ ಶನಿಯ ಉಂಗುರಗಳಲ್ಲಿ ನಡೆಯುತ್ತಿದ್ದರೆ ಮಾತ್ರ ಆ ದಟ್ಟಣೆಗೆ ಆಧಾರವಿದೆ.

ಭೂಕಕ್ಷೆಯ ಅವಶೇಷಗಳ ವಿಷಯದಲ್ಲಿ ಅಪಾಯವನ್ನು ಚಿತ್ರಗಳು ಉತ್ಪ್ರೇಕ್ಷಿಸುವುದಕ್ಕಿಂತ ಅದರ ವೇಗವನ್ನು ಕುಗ್ಗಿಸುವುದೇ ಹೆಚ್ಚು. 2009ರ ಫೆಬ್ರವರಿಯಲ್ಲಿ ಇರಿಡಿಯಂ 33 ಮತ್ತು ಕಾಸ್ಮೋಸ್ 2251 ಉಪಗ್ರಹಗಳು ಸೆಕೆಂಡಿಗೆ 11 ಕಿಲೋಮೀಟರಿಗೂ ಮೀರಿದ ಸಾಪೇಕ್ಷ ವೇಗದಲ್ಲಿ ಡಿಕ್ಕಿ ಹೊಡೆದು ನುಚ್ಚುನೂರಾದವು. ಆ ವೇಗದಲ್ಲಿ ಎದುರಿನಿಂದ ಬರುವ ಚೂರು ಕಣ್ಣಿಗೆ ಕಾಣುವುದಿಲ್ಲ, ಅದನ್ನು ಕಂಡು ತಪ್ಪಿಸಿಕೊಳ್ಳುವ ಅವಕಾಶವೂ ಇರುವುದಿಲ್ಲ. ಮುನ್ಸೂಚನೆಯೇ ಇಲ್ಲದೆ ಗೋಡೆಯಲ್ಲಿ ತೂತು ಮೂಡಿಸುವ ನಿರ್ದೇಶಕರೇ ವಾಸ್ತವಕ್ಕೆ ಹತ್ತಿರವಿದ್ದಾರೆ.

ನಿರ್ವಾತದಲ್ಲಿ ಸದ್ದು ಹರಡದು, ಆದ್ದರಿಂದ ಸದ್ದಿನ ಬಗ್ಗೆ ಒಂದೇ ಪ್ರಶ್ನೆ ಸಾಕು: ಅದು ನೌಕೆಯ ಲೋಹದ ಮೂಲಕವೋ ಪೋಷಾಕಿನ ಮೂಲಕವೋ ಕೇಳುಗರನ್ನು ತಲುಪುತ್ತಿದೆಯೇ? ಹಾಗಿದ್ದರೆ ಸರಿ.

ಅಸಂಬದ್ಧವೆನಿಸಿದ ದೃಶ್ಯವನ್ನು ತಳ್ಳಿಹಾಕುವ ಮುನ್ನ ಬಾಹ್ಯಾಕಾಶ ಯಾನದ ದಾಖಲೆಗಳನ್ನು ಒಮ್ಮೆ ನೋಡಿರಿ. ಗಗನಯಾತ್ರಿಯೊಬ್ಬರು ತಮ್ಮ ಹೆಲ್ಮೆಟ್ಟಿನೊಳಗೇ ಮುಳುಗಿ ಸಾಯುವ ಸ್ಥಿತಿ ಬಂತೆಂದು ತೋರಿಸಿದರೆ ನಂಬುವವರು ಕಡಿಮೆ. ಆದರೆ 2013ರ ಜುಲೈ 16ರಂದು ನಿಲ್ದಾಣದ ಹೊರಗೆ ಕೆಲಸ ಮಾಡುತ್ತಿದ್ದ ಇಟಲಿಯ ಲೂಕಾ ಪರ್ಮಿಟಾನೊ ಅವರ ಪೋಷಾಕಿನ ತಂಪುಕಾರಕ ವ್ಯವಸ್ಥೆಯಿಂದ ನೀರು ಸೋರಿತು. ತೂಕವಿಲ್ಲದ ಆ ನೀರು ಕೆಳಗಿಳಿಯದೆ ಕಣ್ಣು ಮೂಗುಗಳಿಗೆ ಅಂಟಿಕೊಂಡಿದ್ದರಿಂದ, ಅವರು ಸುರಕ್ಷತಾ ಹಗ್ಗದ ಜಾಡು ಹಿಡಿದು, ತಡವರಿಸುತ್ತ ಬಾಗಿಲಿಗೆ ಮರಳಬೇಕಾಯಿತು.