ಮಳೆ ಲೆಕ್ಕ ಬಿಟ್ಟೆ, ಪಂಪಿನ ಲೆಕ್ಕ ಹಿಡಿದೆ: ಸ್ವರ್ಣಾ ಮಾಡೆಲ್ ಕೂತಿತು

"ಕರೆಂಟ್ ಟೈಮ್ ಇಟ್ಟುಕೊಂಡು ಹೊಳೆ ನೀರು ಅಳೀತೀಯಾ ಮಾರಾಯ?" ಅಂತ ನಕ್ಕವರೇ ಈಗ ಫೋನ್ ಮಾಡಿ, ಬೇಸಿಗೆಯಲ್ಲಿ ಹೊಳೆ ನೀರು ಯಾವಾಗ ಮುಗಿಯುತ್ತದೆ ಅಂತ ಹೇಳುವ ನನ್ನ ಕಂಪ್ಯೂಟರ್ ಮಾಡೆಲಿನ ಫೈಲ್ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಉಡುಪಿಯ ಸ್ವರ್ಣಾ ನದಿಗೆ ನಾನೂ ಮೊದಲು ಸ್ವಾಟ್ ಓಡಿಸಿದೆ, ಮಳೆ, ಮಣ್ಣಿನ ಲೆಕ್ಕದಿಂದ ಹೊಳೆಯ ಹರಿವು ಅಂದಾಜು ಮಾಡುವ ಸಾಫ್ಟ್‌ವೇರ್ ಅದು. ಮಳೆಗಾಲದಲ್ಲಿ ಗ್ರಾಫ್ ನೋಡಲು ಚಂದ, ಮಾಡೆಲ್ ಅಳತೆಗೆ ಎಷ್ಟು ಹೊಂದುತ್ತದೆ ಅಂತ ಹೇಳುವ ನ್ಯಾಶ್ ಅಂಕ (1 ಬಂದರೆ ಪೂರ್ತಿ ಸರಿ) 0.8ರ ಆಸುಪಾಸು. ಆದರೆ ಆ ನೀರಿಗೆ ಜಗಳವೇ ಇಲ್ಲವಲ್ಲ, ಸೀದಾ ಸಮುದ್ರಕ್ಕೆ. ಜಗಳ ಇರುವುದು ಉಡುಪಿ ಪೇಟೆಗೆ ಕುಡಿಯುವ ನೀರು ಕೊಡುವ ಬಜೆ ಅಣೆಕಟ್ಟಿನಲ್ಲಿ ತಳ ಕಾಣುವ ಏಪ್ರಿಲ್, ಮೇಯಲ್ಲಿ. 2019ರ ಬೇಸಿಗೆಯ ನೀರಿನ ಬರ ಉಡುಪಿಯವರಿಗೆ ನೆನಪಿದೆ ಅಲ್ವಾ? ಆ ತಿಂಗಳುಗಳಲ್ಲಿ ಮಾಡೆಲ್ ಒಂದು ಹೇಳುತ್ತಿತ್ತು, ಹೊಳೆ ಇನ್ನೊಂದು. ಮಳೆಯಲ್ಲಿ ಎಷ್ಟು ಹರಿದು ಹೋಗುತ್ತದೆ ಅನ್ನುವ ಕರ್ವ್ ನಂಬರ್ ತಿರುಚಿ ತಿರುಚಿ ಸಾಕಾಯಿತು.

ದುಡ್ಡು ಹೋದದ್ದು ನೀರಿನ ಮಟ್ಟ ಅಳೆಯುವ ಸೆನ್ಸರಿಗೆ. ಐನೂರರ ಅಲ್ಟ್ರಾಸಾನಿಕ್ ಸೆನ್ಸರನ್ನು ಕಿಂಡಿ ಅಣೆಕಟ್ಟಿನ (ಕಿಂಡಿಗೆ ಹಲಗೆ ಇಳಿಸಿ ನೀರು ನಿಲ್ಲಿಸುವ ಸಣ್ಣ ಕಟ್ಟೆ) ಸ್ಲ್ಯಾಬಿನ ಅಡಿಗೆ ಕಟ್ಟಿದರೆ ಇರುವೆ ಬಂದು ಗೂಡು ಕಟ್ಟಿತು, ಒಂದೊಂದಾಗಿ ಎಲ್ಲ ಸತ್ತವು. ಆಮೇಲೆ ಪಿವಿಸಿ ಪೈಪಿನೊಳಗೆ ಪ್ರೆಶರ್ ಸೆನ್ಸರ್ ಇಳಿಬಿಟ್ಟೆ. ಹಳೆಯದೂ ಹೊಸದೂ ಸೇರಿ ನಲವತ್ತು ಸಾವಿರದಷ್ಟು ಕೈಬಿಟ್ಟು ಹೋಗಿರಬೇಕು. ಆದರೆ ದಾರಿ ತೋರಿಸಿದ್ದು ಅದೇ: ತೋಟದ ಪಂಪ್ ಓಡಿಸುವ ತ್ರೀ ಫೇಸ್ ಕರೆಂಟ್ ಬಂದ ಸ್ವಲ್ಪ ಹೊತ್ತಿಗೆ ನೀರಿನ ಮಟ್ಟ ಇಳಿಯುತ್ತದೆ, ಹೋದ ಮೇಲೆ ನಿಧಾನಕ್ಕೆ ಏರುತ್ತದೆ, ದಿನಾ ಗರಗಸದ ಹಲ್ಲಿನ ಹಾಗೆ.

ಮತ್ತೆ ಸ್ವಾಟ್ ಮುಟ್ಟಲಿಲ್ಲ. ನೀರು ಹಂಚಿಕೆ ಲೆಕ್ಕದ ವೀಪ್ ಸಾಫ್ಟ್‌ವೇರ್ ಕಾಲೇಜು, ಸರ್ಕಾರಿ ಸಂಸ್ಥೆಗಳಿಗೆ ಪುಕ್ಕಟೆ, ನನ್ನಂಥ ಖಾಸಗಿಯವರಿಗೆ ದುಡ್ಡು. ಹಾಗಾಗಿ ಅದೇ ಕೆಲಸ ಮಾಡುವ, ಪೈಥಾನ್‌ನ ಪೈವರ್ ಹಿಡಿದೆ. ಒಂದೊಂದು ಕಿಂಡಿ ಅಣೆಕಟ್ಟೂ ಒಂದು ಸಣ್ಣ ಕೆರೆ, ಹಲಗೆ ಹಾಕಿದ ತಾರೀಖೇ ಅದರ ಶುರು. ತೋಟಗಳ ಬೇಡಿಕೆಗೆ ಲೆಕ್ಕ ಹಿಡಿದದ್ದು ಫೀಡರ್‌ವಾರು, ಅಂದರೆ ಒಂದೊಂದು ವಿದ್ಯುತ್ ಲೈನಿಗೆ, ಕರೆಂಟ್ ಕೊಡುವ ಗಂಟೆ. ಇನ್ನು ಆದ್ಯತೆ. ಕಾಗದದಲ್ಲಿ ಕುಡಿಯುವ ನೀರು ಮೊದಲು, ತೋಟ ಆಮೇಲೆ. ನಾನು ಅದನ್ನು ಉಲ್ಟಾ ಮಾಡಿದೆ: ಮೇಲಿರುವವನಿಗೆ ಮೊದಲು, ಪೇಟೆಗೆ ಉಳಿದದ್ದು. ಹೊಳೆಬದಿಯಲ್ಲಿ ನಡೆಯುವುದು ಅದೇ ತಾನೇ?

ಅಡಿಕೆ ಮರಕ್ಕೆ ಡ್ರಿಪ್ ಆದರೆ ದಿನಕ್ಕೆ ಇಪ್ಪತ್ತು ಲೀಟರ್ ಸಾಕು, ಎಕರೆಗೆ ಹತ್ತು ಹನ್ನೊಂದು ಸಾವಿರ. ಸ್ಪ್ರಿಂಕ್ಲರ್ ಇಟ್ಟವರು ಆ ಲೆಕ್ಕಕ್ಕೆ ಸಿಗುವುದೇ ಇಲ್ಲ. ತೋಟದ ವಿಸ್ತೀರ್ಣ ತೆಗೆಯಲು ಸೆಂಟಿನೆಲ್ ಉಪಗ್ರಹದ ಚಿತ್ರ ತಂದು ಸುಮ್ನೆ ತಿಂಗಳುಗಟ್ಟಲೆ ಕೂತೆ. ಅಡಿಕೆ, ತೆಂಗು, ರಬ್ಬರ್ ಎಲ್ಲ ಒಂದೇ ಹಸಿರು! ಅದಕ್ಕಿಂತ ಮೋಟಾರ್ ರಿವೈಂಡಿಂಗ್ ಅಂಗಡಿಗಳ ಪುಸ್ತಕ ಉಪಕಾರಕ್ಕೆ ಬಂತು. ದಾಖಲೆಯಲ್ಲಿ ಐದು ಎಚ್‌ಪಿ, ರಿಪೇರಿಗೆ ಬಂದದ್ದು ಏಳೂವರೆ. ವೋಲ್ಟೇಜ್ ಬಿದ್ದಾಗ ಪಂಪ್ ನಿಜವಾಗಿ ಎಷ್ಟು ಎಳೆಯುತ್ತದೆ ಅನ್ನುವುದಕ್ಕೆ ನನ್ನದೊಂದು ಗುಣಕ ಇದೆ. ಅದನ್ನು ಬರೆಯುವುದಿಲ್ಲ, ಹೊಟ್ಟೆಪಾಡು.

ಮೊದಲು ಬಜೆ ಖಾಲಿಯಾಗುವ ದಿನದ ಅಂದಾಜು ಎರಡು ಮೂರು ವಾರ ತಪ್ಪುತ್ತಿತ್ತು. ಈ ಬೇಸಿಗೆ ಮೂರು ನಾಲ್ಕು ದಿನದೊಳಗೆ ಬಂತು, ಮಾರ್ಚ್ ಕೊನೆಗೇ ಹೇಳಿದ್ದೆ. ನಂಬದಿದ್ದವರು ಹಲಗೆ ಸಂದಿಗೆ ಮಣ್ಣು ತುಂಬಿಸಲು ಮೇಯಲ್ಲಿ ಓಡಾಡಿದರು.

ಮುಂದಿನದು ನೇತ್ರಾವತಿ. ಅಲ್ಲಿ ಮಂಗಳೂರಿಗೆ ಕುಡಿಯುವ ನೀರು ಕೊಡುವ ತುಂಬೆ ಅಣೆಕಟ್ಟಿನ ಮೇಲ್ಗಡೆ ಶಂಭೂರಿನಲ್ಲಿ ಇನ್ನೊಂದು ಅಣೆಕಟ್ಟು ಇದೆ, ಅದರ ಗೇಟ್ ಎತ್ತಿದ ಲೆಕ್ಕ ಸಿಗದೆ ಕೈ ಹಾಕುವ ಹಾಗಿಲ್ಲ. ಯಾರ ಹತ್ತಿರವಾದರೂ ಇದ್ದರೆ ಹೇಳಿ, ಬದಲಿಗೆ ನನ್ನ ಫೀಡರ್ ಪಟ್ಟಿ ಕೊಡುತ್ತೇನೆ. ಗುಣಕ ಮಾತ್ರ ಕೇಳಬೇಡಿ.