ಡೆಸ್ಕ್‌ಟಾಪ್ ಬಿಸಿಯಾಗುತ್ತಿದೆಯೇ? ಪೇಸ್ಟ್ ತರುವ ಮುಂಚೆ ಹತ್ತು ನಿಮಿಷ ನೋಡಿ

"ಥರ್ಮಲ್ ಪೇಸ್ಟ್ ಹಾಕಿಸಿ, ಎಲ್ಲ ಸರಿಹೋಗುತ್ತೆ." ಕಂಪ್ಯೂಟರ್ ಬಿಸಿಯಾಗುತ್ತಿದೆ ಅಂತ ಯಾರ ಹತ್ತಿರ ಹೇಳಿದರೂ ಬರುವ ಮಾತು ಇದೇ. ಪ್ರೊಸೆಸರ್‌ನ ಬಿಸಿ ಮೇಲಿನ ಕೂಲರಿಗೆ ದಾಟಲಿ ಅಂತ ನಡುವೆ ಹಚ್ಚುವ ಲೇಪ ಅದು. ಹೋದ ಬೇಸಿಗೆಯಲ್ಲಿ ನಾನೂ ಹಾಕಿದೆ. 92 ಡಿಗ್ರಿ ಇದ್ದದ್ದು 91ಕ್ಕೆ ಬಂತು! ತಪ್ಪು ಪೇಸ್ಟಿನದ್ದಲ್ಲ, ನನ್ನದು. ಕ್ಯಾಬಿನೆಟ್ಟನ್ನು ಕಂಪ್ಯೂಟರ್ ಟೇಬಲ್ಲಿನ ಗೂಡಿನೊಳಗಿಟ್ಟು ಬಾಗಿಲು ಮುಚ್ಚಿದ್ದೆ. ಹೊರಗೆ ಬಿಟ್ಟ ಬಿಸಿಗಾಳಿಯನ್ನೇ ಫ್ಯಾನು ಮತ್ತೆ ಒಳಗೆ ಎಳೆದುಕೊಳ್ಳುತ್ತಿತ್ತು.

ಹಾಗಾಗಿ ಮೊದಲು ತೊಂದರೆ ಎಲ್ಲಿದೆ ಅಂತ ಹುಡುಕೋಣ. ಸ್ಕ್ರೂಡ್ರೈವರ್ ಆಮೇಲೆ.

ಎಷ್ಟು ಬಿಸಿ ಅಂದರೆ ಜಾಸ್ತಿ?

ಪ್ರೊಸೆಸರ್ ಎಷ್ಟು ಬಿಸಿ ಅಂತ ತೋರಿಸುವ ಕೋರ್ ಟೆಂಪ್ ಅಥವಾ ಎಚ್‌ಡಬ್ಲ್ಯೂಇನ್ಫೋ ಪ್ರೋಗ್ರಾಮ್ ಹಾಕಿಕೊಳ್ಳಿ. ಮನೆ ಬಳಕೆಗೆ ಎರಡೂ ಉಚಿತ. ಕೆಲಸವಿಲ್ಲದೆ ಸುಮ್ನೆ ಇರುವಾಗ 35ರಿಂದ 50 ಡಿಗ್ರಿ, ಗೇಮ್ ಆಡುವಾಗ 70–85 ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಇಂಟೆಲ್‌ನ ಬಹಳಷ್ಟು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ 100 ಡಿಗ್ರಿ ಗಡಿ. ಅದನ್ನು ಮುಟ್ಟಿದರೆ ಪ್ರೊಸೆಸರ್ ತಾನಾಗಿಯೇ ವೇಗ ಇಳಿಸುತ್ತದೆ, ಅದಕ್ಕೂ ಬಗ್ಗದಿದ್ದರೆ ಮಷೀನು ಆಫ್ ಆಗುತ್ತದೆ. ಎಎಂಡಿ ರೈಜೆನ್ 7600ಎಕ್ಸ್, 7700ಎಕ್ಸ್‌ನಂಥವು ಭಾರಿ ಕೆಲಸದಲ್ಲಿ 95ರವರೆಗೆ ಹೋಗಲಿ ಅಂತಲೇ ತಯಾರಾದವು. ಅವು 95 ತೋರಿಸಿದರೆ ರೋಗ ಅಂದುಕೊಳ್ಳಬೇಡಿ.

ಇನ್ನೊಂದು ಮಾತು. ಫ್ಯಾನು ಎಷ್ಟೇ ತಿರುಗಲಿ, ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಚಳಿಗಾಲದ 24 ಡಿಗ್ರಿಯ ಕೋಣೆಯಲ್ಲಿ 72 ತೋರಿಸುತ್ತಿದ್ದ ಮಷೀನು, ಕಲಬುರಗಿಯ ಏಪ್ರಿಲ್ ಮಧ್ಯಾಹ್ನ ಕೋಣೆಯೇ 38 ಇರುವಾಗ 86ರ ಹತ್ತಿರ ತೋರಿಸಿದರೆ ಅದು ಬರೀ ಬಿಸಿಲಿನ ಲೆಕ್ಕ.

ಏರುವ ವೇಗ ನೋಡಿ

ಮೊದಲು ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಏನೂ ಮಾಡದಿದ್ದರೂ ಸಿಪಿಯು (ಅಂದರೆ ಪ್ರೊಸೆಸರ್) 80–90 ಪರ್ಸೆಂಟ್ ಓಡುತ್ತಿದ್ದರೆ, ಕದ್ದು ದುಡಿಯುತ್ತಿರುವ ಪ್ರೋಗ್ರಾಮ್ ಯಾವುದೋ ಇದೆ. ಅದನ್ನು ಹಿಡಿಯಿರಿ, ಅಲ್ಲಿಗೇ ಕೆಲಸ ಮುಗಿಯಬಹುದು.

ಅದಿಲ್ಲ ಅಂದರೆ ಪ್ರೊಸೆಸರನ್ನು ಪೂರ್ತಿ ದುಡಿಸುವ ಸಿನೆಬೆಂಚ್‌ನಂಥ ಪರೀಕ್ಷೆ ಹತ್ತು ನಿಮಿಷ ಓಡಿಸಿ, ಅಂಕಿ ಹೇಗೆ ಏರುತ್ತದೆ ಅಂತ ಕೂತು ನೋಡಿ.

ಎರಡು–ಮೂರು ಸೆಕೆಂಡಿನಲ್ಲಿ 45ರಿಂದ 95ಕ್ಕೆ ಹಾರಿದರೆ, ಬಿಸಿ ಪ್ರೊಸೆಸರ್‌ನಿಂದ ಹೀಟ್ ಸಿಂಕ್‌ಗೆ (ಕೂಲರಿನ ಲೋಹದ ಭಾಗಕ್ಕೆ) ದಾಟುತ್ತಿಲ್ಲ ಎಂದರ್ಥ. ಪೇಸ್ಟ್ ಒಣಗಿರಬಹುದು, ಕೂಲರ್ ಸಡಿಲ ಇರಬಹುದು, ತಳದ ಪ್ಲಾಸ್ಟಿಕ್ ಹಾಳೆ ಕೀಳದೆ ಹಾಗೇ ಕೂರಿಸಿರಬಹುದು. ಲಿಕ್ವಿಡ್ ಕೂಲರ್ ಆದರೆ ಪಂಪ್ ನಿಂತಿರಬಹುದು. ಕೋರ್ ಐ9 13900ಕೆ ಥರದ ದೈತ್ಯರು ಮಾತ್ರ ಎಲ್ಲ ಸರಿಯಿದ್ದರೂ ಹೀಗೆ ಹಾರುತ್ತವೆ. ಅವಕ್ಕೆ ಬಯೋಸ್‌ನಲ್ಲಿ (ಮಷೀನು ಶುರುವಾಗುವಾಗ ತೆರೆಯುವ ಸೆಟ್ಟಿಂಗ್‌ನಲ್ಲಿ) ಪವರ್ ಮಿತಿ ಇಳಿಸುವುದೇ ಮದ್ದು.

ನಿಧಾನವಾಗಿ, ನಿಮಿಷಕ್ಕಿಷ್ಟು ಅಂತ ತೆವಳಿಕೊಂಡು ಏರಿದರೆ ತೊಂದರೆ ಗಾಳಿಯದು. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ಇನ್ನೊಮ್ಮೆ ಓಡಿಸಿ. ಏಳೆಂಟು ಡಿಗ್ರಿ ಇಳಿಯಿತಾ? ಹಾಗಾದರೆ ಪೇಸ್ಟಿನ ದುಡ್ಡು ಉಳಿಯಿತು.

ಧೂಳು

ಆಫ್ ಮಾಡಿ, ಪ್ಲಗ್ ಕಿತ್ತು, ಟೆರೇಸಿಗೆ ಒಯ್ಯಿರಿ. ಮೇಲಿನಿಂದ ನೋಡಿ "ಕ್ಲೀನ್ ಇದೆ" ಅನ್ನಬೇಡಿ. ಧೂಳು ಕೂರುವುದು ಫ್ಯಾನಿನ ಕೆಳಗೆ, ಹೀಟ್ ಸಿಂಕಿನ ರೆಕ್ಕೆಗಳ ಮೇಲೆ. ನನ್ನ ಹಳೇ ಮಷೀನಿನ ಫ್ಯಾನು ಬಿಚ್ಚಿದಾಗ ಅಲ್ಲೊಂದು ಬೂದು ಕಂಬಳಿಯೇ ಇತ್ತು. ತುದಿ ಹಿಡಿದು ಎಳೆದರೆ ಇಡಿಯಾಗಿ ಎದ್ದು ಬಂತು. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಗೆ ಬೆರಳು ಒತ್ತಿರಿ, ಗಾಳಿಗೆ ಗಿರಗಿರ ತಿರುಗಿದರೆ ಬೇರಿಂಗ್ ಹಾಳಾಗಬಹುದು. ವ್ಯಾಕ್ಯೂಮ್ ಕ್ಲೀನರ್ ಬೇಡ, ಸ್ಟ್ಯಾಟಿಕ್ ಕರೆಂಟಿನ ಭಯ.

ಕ್ಯಾಬಿನೆಟ್ ಫ್ಯಾನುಗಳ ದಿಕ್ಕನ್ನೂ ನೋಡಿಬಿಡಿ. ಸಾಮಾನ್ಯವಾಗಿ ಮುಂದಿನದು ಗಾಳಿ ಒಳಗೆ ಎಳೆಯಬೇಕು, ಹಿಂದಿನದು ಹೊರಗೆ ತಳ್ಳಬೇಕು. ಫ್ಯಾನಿನ ಮಧ್ಯಕ್ಕೆ ಅಡ್ಡಪಟ್ಟಿಗಳು ಇರುವ ಕಡೆಯಿಂದ ಗಾಳಿ ಹೊರಬೀಳುತ್ತದೆ.

ಈಗ ಪೇಸ್ಟ್

ಕೂಲರ್ ಕೀಳುವ ಮುಂಚೆ ಐದು ನಿಮಿಷ ಮಷೀನು ಓಡಿಸಿ, ಹಳೇ ಪೇಸ್ಟ್ ಮೆತ್ತಗಾಗಲಿ. ಆಮೇಲೆ ಪ್ಲಗ್ ಕೀಳಿ. ಎಎಂ4 ಸಾಕೆಟ್ಟಿನ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗದ ಒಂದು ಮಾದರಿ) ರೈಜೆನ್‌ಗಳಲ್ಲಿ ಇದು ತುಂಬ ಮುಖ್ಯ: ಕೂಲರನ್ನು ನೇರ ಮೇಲೆ ಎಳೆದರೆ ಪ್ರೊಸೆಸರೂ ಅದಕ್ಕೆ ಅಂಟಿಕೊಂಡು ಪಿನ್ನುಗಳ ಸಮೇತ ಕಿತ್ತು ಬರಬಹುದು. ಎಡಕ್ಕೆ ಬಲಕ್ಕೆ ಸ್ವಲ್ಪ ತಿರುಚಿ ಬಿಡಿಸಿ. ಸುಣ್ಣದ ಚಕ್ಕೆಯಂತಾಗಿರುವ ಹಳೇ ಪೇಸ್ಟನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ. ಹೊಸದು ಮಧ್ಯದಲ್ಲಿ ಒಂದು ತೊಗರಿ ಕಾಳಿನಷ್ಟು ಸಾಕು. ಬೇಳೆಯಷ್ಟಲ್ಲ, ಇಡೀ ಕಾಳಿನಷ್ಟು!

ಇಂಟೆಲ್ ಜೊತೆಗೆ ಬರುವ ಕೂಲರಿನ ನಾಲ್ಕು ಕಾಲುಗಳೇ ದೊಡ್ಡ ಕಿರಿಕಿರಿ. ಪಕ್ಕದ ಮನೆ ಹುಡುಗ ಹೊಸದಾಗಿ ಜೋಡಿಸಿಕೊಂಡು ತಂದ ಪಿಸಿ ತೋರಿಸಿ, "ಅಂಕಲ್, ಗೇಮ್ ಹಚ್ಚಿದ ಕೂಡ್ಲೆ ಬಂದ್ ಆಗ್ಲತ್ತದ್ರಿ" ಅಂದ. ನೋಡಿದರೆ ಮೂರು ಕಾಲು ಕೂತಿದ್ದವು, ನಾಲ್ಕನೆಯದು ಬೋರ್ಡಿನ ತೂತಿನಲ್ಲಿ ಸುಮ್ನೆ ನಿಂತಿತ್ತು. ಕೂಲರ್ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಎದ್ದಿತ್ತು. ಅಷ್ಟಕ್ಕೇ 100 ಡಿಗ್ರಿ. ಕಾಲುಗಳನ್ನು ಮೂಲೆಯಿಂದ ಎದುರು ಮೂಲೆಗೆ ಅಂತ ಒತ್ತಬೇಕು, ಪ್ರತಿಯೊಂದಕ್ಕೂ ಟಕ್ ಅನ್ನುವ ಸದ್ದು ಕೇಳಬೇಕು. ಬೋರ್ಡಿನ ಹಿಂಬದಿ ಟಾರ್ಚ್ ಬಿಟ್ಟು ನೋಡಿ: ನಾಲ್ಕೂ ಕಡೆ ಬಿಳಿ ಕಡ್ಡಿಗಳು ಅಗಲವಾಗಿ, ನಡುವೆ ಕಪ್ಪು ಪಿನ್ ಇಳಿದಿರಬೇಕು. ಕೊನೆಗೆ ಫ್ಯಾನಿನ ವೈರನ್ನು ಸಿಪಿಯು ಫ್ಯಾನ್ ಅಂತ ಬರೆದಿರುವ ಜಾಗಕ್ಕೇ ಚುಚ್ಚಿ.

ಇಷ್ಟಾದರೂ ಮಧ್ಯಾಹ್ನ ಹೆಚ್ಚು ಕಾಯುತ್ತದಾ? ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 100 ಇರುವುದನ್ನು 99 ಮಾಡಿ. ಸಾಮಾನ್ಯವಾಗಿ ಟರ್ಬೊ ವೇಗ (ಭಾರಿ ಕೆಲಸ ಬಿದ್ದಾಗ ಪ್ರೊಸೆಸರ್ ಏರಿಸಿಕೊಳ್ಳುವ ಹೆಚ್ಚುವರಿ ವೇಗ) ನಿಲ್ಲುತ್ತದೆ, ಬಿಸಿಯೂ ಇಳಿಯುತ್ತದೆ. ಗೇಮ್ ಆಡುವವರಿಗೆ ರುಚಿಸಲಿಕ್ಕಿಲ್ಲ. ನನ್ನ ಟೈಪಿಂಗಿಗೆ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ. ಏಪ್ರಿಲ್‌ನಲ್ಲಿ 99 ಮಾಡುತ್ತೇನೆ, ಮಳೆ ಹಿಡಿದ ಮೇಲೆ ಮತ್ತೆ 100. ಟೇಬಲ್ಲಿನ ಗೂಡಿನಲ್ಲಿ ಈಗ ಹಳೇ ಪೇಪರ್ ಇಟ್ಟಿದ್ದೇನೆ.