ಎಂಬತ್ತು–ಇಪ್ಪತ್ತರ ಲೆಕ್ಕ

ಹಾಸನದಲ್ಲಿ ತಂದೆಯವರು ನಡೆಸುತ್ತಿದ್ದ ಕಾಫಿಪುಡಿ ಅಂಗಡಿಯನ್ನು ನಾನು ವಹಿಸಿಕೊಂಡ ಮೂರನೆಯ ವರ್ಷ, ಸುಮಾರು ನಾಲ್ಕು ತಿಂಗಳು ಗಿರಾಕಿಗಳಿಗೆ ಮೋಸ ಮಾಡಿದೆ. ಪ್ರಾಮಾಣಿಕ ವ್ಯಾಪಾರದ ಅನುಭವ ಹೇಳಿಕೊಳ್ಳುವಾಗ ಇದನ್ನು ಮುಚ್ಚಿಟ್ಟರೆ ಉಳಿದುದಕ್ಕೆ ಬೆಲೆಯಿರದು.

ಕಾಫಿಪುಡಿಯ ವ್ಯಾಪಾರದಲ್ಲಿ ತೂಕವೇ ಮೊದಲ ಶತ್ರು. 100 ಕಿಲೋ ಹಸಿ ಬೀಜ ಹುರಿದರೆ ಕೈಗೆ ಸಿಗುವುದು 80ರಿಂದ 85 ಕಿಲೋ. ಹುರಿದ ಬೀಜ ತಣಿಸುವ ನೆಪದಲ್ಲಿ ನೀರನ್ನು ತುಸು ಧಾರಾಳವಾಗಿ ಚಿಮುಕಿಸಿ ಕಳೆದ ತೂಕದ ಒಂದು ಪಾಲನ್ನು ಮರಳಿ ಪಡೆಯುವವರಿದ್ದಾರೆ. ಪೀಬೆರಿ, ಅಂದರೆ ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ದುಂಡು ಬೀಜ, ಎಂದು ಹೇಳಿ ಅಗ್ಗದ ರೊಬಸ್ಟಾ ಜಾತಿಯ ಕಾಫಿ ಬೆರೆಸುವವರೂ ಇದ್ದಾರೆ. ಎಲ್ಲಕ್ಕಿಂತ ಸುಲಭದ ದಾರಿ ಚಿಕೋರಿ, ಅಂದರೆ ಕಾಫಿಗೆ ಬೆರೆಸಲು ಹುರಿದು ಪುಡಿ ಮಾಡಿದ ಒಂದು ಗಿಡದ ಬೇರು. ಚಿಕೋರಿ ಬೆರೆಸುವುದು ತಪ್ಪಲ್ಲ. ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆಯಿರಬಾರದು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ನಮೂದಿಸಬೇಕು ಎಂಬುದಷ್ಟೇ ಕಾನೂನು. ನನ್ನ ಮೋಸ ಆ ನಮೂದಿನಲ್ಲಿತ್ತು. ಎದುರು ಬೀದಿಯಲ್ಲಿ ಹೊಸ ಅಂಗಡಿ ತೆರೆದು ನನಗಿಂತ ಕಡಿಮೆ ದರಕ್ಕೆ ಮಾರತೊಡಗಿದಾಗ, 80–20 (ಕಾಫಿ 80, ಚಿಕೋರಿ 20) ಎಂದು ಬರೆದ ಪೊಟ್ಟಣಕ್ಕೆ 65–35 ತುಂಬಿದೆ.

ಮೊದಲೆರಡು ತಿಂಗಳು ಯಾರೂ ಗಮನಿಸಲಿಲ್ಲ. ಅಷ್ಟೇ ಅಲ್ಲ, ಚಿಕೋರಿ ಹೆಚ್ಚಾದರೆ ಡಿಕಾಕ್ಷನ್ ಕಪ್ಪಾಗಿ, ಮಂದವಾಗಿ ಇಳಿಯುವುದರಿಂದ ಇಬ್ಬರು ಹೋಟೆಲಿನವರು ಪುಡಿ ಈಗ ಸುಧಾರಿಸಿದೆ ಎಂದು ಹೊಗಳಿದರು. ಮೋಸಕ್ಕೆ ಬೇಗನೆ ಶಿಕ್ಷೆಯಾಗುತ್ತದೆ ಎಂಬ ಮಾತನ್ನು ನಾನು ನಂಬದಿರುವುದು ಆ ಹೊಗಳಿಕೆಯ ದಿನದಿಂದ. ನನ್ನ ಗುಟ್ಟನ್ನು ಹೊರಹಾಕಿದ್ದು ಗಿರಾಕಿಯ ನಾಲಗೆಯಲ್ಲ, ಮಳೆಗಾಲ. ಹುರಿದ ಚಿಕೋರಿ ಗಾಳಿಯ ತೇವವನ್ನು ಕಾಫಿಗಿಂತ ಬೇಗ ಹೀರಿಕೊಂಡು ಗಂಟು ಕಟ್ಟುತ್ತದೆ. ಜುಲೈನಲ್ಲಿ, ತಂದೆಯವರ ಕಾಲದಿಂದ ಬರುತ್ತಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಡಬ್ಬಿಯನ್ನೇ ತಂದು ಮೇಜಿನ ಮೇಲಿಟ್ಟರು. "ನಿಮ್ಮಪ್ಪ ಕೊಡ್ತಿದ್ದ ಪುಡಿ ಹೀಗೆ ಕಲ್ಲಾಗ್ತಿರಲಿಲ್ಲ ಕಣಪ್ಪ" ಎಂದಷ್ಟೇ ಹೇಳಿ, ಜಗಳವಾಡದೆ, ಹಣವನ್ನೂ ಕೇಳದೆ ಹೋದರು.

ಆ ರಾತ್ರಿ ಲೆಕ್ಕದ ಪುಸ್ತಕ ತೆರೆದೆ. ಒಟ್ಟು ಮಾರಾಟ ಕುಸಿದಿರಲಿಲ್ಲ; ಆದರೆ ವಾರಕ್ಕೆ ಅರ್ಧ ಕಿಲೋ ಒಯ್ಯುತ್ತಿದ್ದ ಹಳೆಯ ಮನೆಗಳಲ್ಲಿ ಹಲವು ಕಾಲು ಕಿಲೋಗೆ ಇಳಿದು, ಕೆಲವು ಬರುವುದನ್ನೇ ನಿಲ್ಲಿಸಿದ್ದವು. ಅವರಲ್ಲಿ ಒಬ್ಬರೂ ದೂರು ಹೇಳಿರಲಿಲ್ಲ. ದೂರು ಹೇಳುವವರಿಗೆ ಉತ್ತರ ಕೊಡಬಹುದು, ಸುಮ್ಮನೆ ರಸ್ತೆ ದಾಟಿ ಹೋದವರಿಗೆ ಏನು ಹೇಳುವುದು?

ಮರುದಿನದಿಂದ ಸರಿಯಾದ ಪುಡಿ ತುಂಬಿದರೂ ಪ್ರಯೋಜನವಾಗಲಿಲ್ಲ, ಏಕೆಂದರೆ ಸಾಚಾ ಪುಡಿಗೂ ಕಲಬೆರಕೆ ಪುಡಿಗೂ ಹೊರನೋಟಕ್ಕೆ ವ್ಯತ್ಯಾಸ ಕಾಣುವುದಿಲ್ಲ, ಕಾಣುವುದು ದರವೊಂದೇ. ಆದ್ದರಿಂದ ವ್ಯತ್ಯಾಸ ಕಾಣುವಂತೆ ಅಂಗಡಿಯನ್ನೇ ಬದಲಿಸಿದೆ. ಮುಂಚಿತವಾಗಿ ತುಂಬಿಟ್ಟ ಪೊಟ್ಟಣಗಳನ್ನು ಪೂರ್ತಿ ನಿಲ್ಲಿಸಿ, ಬೀಜದ ಡಬ್ಬಿಯನ್ನೂ ಚಿಕೋರಿಯ ಡಬ್ಬಿಯನ್ನೂ ಮೇಜಿನ ಮೇಲೆ ಬೇರೆಬೇರೆಯಾಗಿ ಇಟ್ಟು, ಎರಡರ ದರವನ್ನೂ ಫಲಕದಲ್ಲಿ ಬರೆದೆ. ತಕ್ಕಡಿಯ ಮುಖವನ್ನು ಗಿರಾಕಿಯ ಕಡೆಗೆ ತಿರುಗಿಸಿ, ಬೀಜವನ್ನೊಮ್ಮೆ ಚಿಕೋರಿಯನ್ನೊಮ್ಮೆ ತೂಗಿ, ಅವರ ಎದುರಿಗೇ ಬೀಜ ಬೀಸಿ ಬೆರೆಸಿಕೊಡಲಾರಂಭಿಸಿದೆ. ಅನುಮಾನವಿದ್ದವರಿಗೆ ಗಾಜಿನ ಲೋಟದ ತಣ್ಣೀರಿನ ಮೇಲೆ ಚಿಟಿಕೆ ಪುಡಿ ಉದುರಿಸಿ ತೋರಿಸುತ್ತಿದ್ದೆ. ಕಾಫಿ ಬಹುಮಟ್ಟಿಗೆ ತೇಲುತ್ತದೆ, ಚಿಕೋರಿ ಕಂದು ಎಳೆಗಳನ್ನು ಬಿಡುತ್ತ ಬೇಗ ತಳಕ್ಕಿಳಿಯುತ್ತದೆ.

ಇದರಿಂದ ನಷ್ಟವೂ ಆಯಿತು. ಒಬ್ಬರಿಗೆ ಪುಡಿ ಕೊಡಲು ಹಿಡಿಯುತ್ತಿದ್ದ ಸಮಯ ಮೂರು ಪಟ್ಟಾಯಿತು, ಸಂಜೆಯ ಹೊತ್ತು ಕಾಯಲಾರದವರು ಎದುರಂಗಡಿಗೆ ನಡೆದರು. 60–40ರ ಪುಡಿಗೆ 80–20ರ ಬಿಲ್ಲು ಬರೆದುಕೊಡಬೇಕೆಂದು ಕೇಳಿದ ದೊಡ್ಡ ಹೋಟೆಲೊಂದರ ಖರೀದಿಯನ್ನು ಕೈಬಿಟ್ಟೆ; ಆ ವರ್ಷದ ಆದಾಯದಲ್ಲಿ ಅದೊಂದು ದೊಡ್ಡ ತೂತು. ಹಳೆಯ ಲಾಭದ ಮಟ್ಟ ಮುಟ್ಟಲು ಎರಡು ವರ್ಷಕ್ಕೂ ಹೆಚ್ಚು ಹಿಡಿಯಿತು, ಮತ್ತು ಆ ಅವಧಿಯಲ್ಲಿ ಎದುರಂಗಡಿಯೇನೂ ಮುಚ್ಚಿಹೋಗಲಿಲ್ಲ, ಇಂದಿಗೂ ಚೆನ್ನಾಗಿಯೇ ನಡೆಯುತ್ತಿದೆ. ನನ್ನ ಬಳಿ ಉಳಿದವರು ದರ ಕೇಳದೆ ಕೊಳ್ಳುವವರು, ಊರು ಬಿಟ್ಟ ಮಕ್ಕಳಿಗೂ ಕಟ್ಟಿಸಿಕೊಂಡು ಹೋಗುವವರು. ಕಾಫಿ ಬೀಜ ಸಂಸ್ಕರಿಸಿ ಸಾಲದ ಮೇಲೆ ಕೊಡುವ ಕ್ಯೂರಿಂಗ್ ವರ್ಕ್ಸ್‌ನವರೂ ನನ್ನ ಮಾತಿನ ಮೇಲೆ ಹಣಕ್ಕಾಗಿ ಹೆಚ್ಚು ದಿನ ಕಾಯತೊಡಗಿದರು. ಇದು ನಾನು ನಿರೀಕ್ಷಿಸದಿದ್ದ ಲಾಭ.

2024ರಲ್ಲಿ ರೊಬಸ್ಟಾ ಬೆಲೆ ದಾಖಲೆ ಮಟ್ಟಕ್ಕೆ ಏರಿದಾಗ ಹಳೆಯ ಯೋಚನೆ ಮತ್ತೆ ತಲೆಹಾಕಿತು. ಡಬ್ಬಿಗಳು ಮೇಜಿನ ಮೇಲಿದ್ದುದರಿಂದ ಅದನ್ನು ನಡೆಸುವುದಕ್ಕೆ ಜಾಗವಿರಲಿಲ್ಲ. ಫಲಕದಲ್ಲಿ ಬೀಜದ ದರವನ್ನು ಅಳಿಸಿ ಹೊಸದನ್ನು ಬರೆದು ಕುಳಿತೆ. ಅದೇ ಶಿಕ್ಷಕಿಯವರು, ಡಬ್ಬಿ ತಂದ ದಿನದ ನಂತರ ಒಂದೂವರೆ ವರ್ಷ ಬಿಟ್ಟು ಮರಳಿ ಬಂದಿದ್ದವರು, ಫಲಕವನ್ನು ನಿಧಾನವಾಗಿ ಓದಿ, "ಈ ಸಲ ನನಗೆ ಎಪ್ಪತ್ತು–ಮೂವತ್ತೇ ಹಾಕಪ್ಪ" ಎಂದರು. ಬೀಜವನ್ನು ತೂಗಿದೆ, ಚಿಕೋರಿಯನ್ನು ತೂಗಿದೆ. ಎರಡು ಸಲವೂ ಅವರು ಕನ್ನಡಕ ಸರಿಪಡಿಸಿಕೊಂಡು ತಕ್ಕಡಿಯ ಅಂಕಿ ನೋಡಿದರು.